ಸ್ಪಷ್ಟನೆ: ಎಳೆಗೂಸಿಗೆ ಹಾಲೂಡಿಸಲು ಗಡಿಯಾರ ನೋಡಬೇಕಿಲ್ಲ

“ಹಸುಗೂಸಿಗೆ ಮೂರು ಗಂಟೆಗೊಮ್ಮೆ ಮಾತ್ರ ಎದೆಹಾಲು ಕೊಡಿ. ನಡುವೆ ಅತ್ತರೆ ಕಾಯಿಸಿ ಆರಿಸಿದ ನೀರು ಕುಡಿಸಿ. ಪದೇ ಪದೇ ಕೊಟ್ಟರೆ ಅಜೀರ್ಣವಾಗುತ್ತದೆ, ಎದೆಯಲ್ಲಿ ಹಾಲೂ ತುಂಬುವುದಿಲ್ಲ” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದನ್ನು ನಂಬಬೇಡಿ.

ಮಗು ಕೇಳಿದಾಗಲೆಲ್ಲ, ಹಗಲೂ ರಾತ್ರಿಯೂ ಕೊಡಬೇಕೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲ ವಾರಗಳಲ್ಲಿ ಅದು ಸಾಮಾನ್ಯವಾಗಿ 24 ಗಂಟೆಗೆ 8ರಿಂದ 12 ಸಲವಾಗುತ್ತದೆ. ಸಂಜೆ ಹೊತ್ತು ಕೆಲವು ಮಕ್ಕಳು ಬಿಟ್ಟೂ ಬಿಡದೆ ಕುಡಿಯುತ್ತವೆ. ಅಷ್ಟಕ್ಕೇ “ಹಾಲು ಸಾಲುತ್ತಿಲ್ಲ” ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ, ಪಾಪ ಬಾಣಂತಿ ಕಂಗಾಲಾಗುತ್ತಾಳೆ. ನಿಜಕ್ಕೂ ಮಗು ಕುಡಿದು ಎದೆ ಬರಿದಾದಷ್ಟೂ ಹಾಲು ಹೆಚ್ಚು ಉತ್ಪತ್ತಿಯಾಗುತ್ತದೆ. ತುಂಬಿಕೊಂಡೇ ಇದ್ದರೆ ಕಡಿಮೆಯಾಗುತ್ತದೆ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿ ಹೆಚ್ಚಿರುವುದರಿಂದ ರಾತ್ರಿಯ ಹಾಲೂಡಿಕೆ ತಪ್ಪಿಸುವುದೂ ಸರಿಯಲ್ಲ.

ನೀರಿನ ಮಾತಂತೂ ಅಪಾಯದ್ದು. ಎದೆಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ. ರಾಯಚೂರಿನ ಬೇಸಿಗೆಯಲ್ಲೂ ಆರು ತಿಂಗಳು ತುಂಬುವವರೆಗೆ ಬೇರೆ ನೀರು ಬೇಡ. ನೀರಿನಿಂದ ಹೊಟ್ಟೆ ತುಂಬಿದ ಮಗು ಹಾಲು ಕಡಿಮೆ ಕುಡಿಯುತ್ತದೆ, ಭೇದಿಯ ಭಯ ಬೇರೆ.

ಅಳುವವರೆಗೂ ಕಾಯಬೇಡಿ. ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ಒಯ್ಯುವುದು, ಎದೆಯತ್ತ ತಲೆ ಹೊರಳಿಸುವುದು ಇವೇ ಹಸಿವಿನ ಸೂಚನೆ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಹುಟ್ಟಿದಾಗಿನ ತೂಕಕ್ಕೆ ಇನ್ನೂ ಮರಳದ ಮಗು ತುಂಬಾ ಹೊತ್ತು ಮಲಗಿದರೆ ಎಬ್ಬಿಸಿ ಕುಡಿಸಿ. ಎಬ್ಬಿಸಿದರೂ ಕುಡಿಯದಿದ್ದರೆ, ಉಚ್ಚೆ ಕಡಿಮೆಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.