ಡ್ರೈ ಸಿರಪ್ ಕಲಸುವಾಗಲೇ ಡೋಸ್ ತಪ್ಪುತ್ತದೆ

ಮಕ್ಕಳ ಆಂಟಿಬಯೋಟಿಕ್ ಅನ್ನು ನಡುವೆ ನಿಲ್ಲಿಸಬೇಡಿ ಎಂದು ಲೇಖನವೊಂದು ಹೇಳಿದ್ದು ಸರಿ. ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯೋಟಿಕ್‌ನ ಡ್ರೈ ಸಿರಪ್‌ನಲ್ಲಿ (ನೀರು ಬೆರೆಸಿ ಕೊಡುವ ಪುಡಿ) ಎಡವಟ್ಟಾಗುವುದು ಹೆಚ್ಚಾಗಿ ಕಲಸುವಾಗ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಬಾಟಲಿಯ ಮೇಲಿನ ಗುರುತಿಗಿಂತ ತುಸು ಕೆಳಗಿನವರೆಗೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿಸಿ ಮತ್ತೆ ಕುಲುಕಿ. ನೊರೆಯನ್ನೇ ನೀರಿನ ಮಟ್ಟ ಅಂದುಕೊಂಡರೆ ನೀರು ಕಡಿಮೆಯಾಗಿ ಡೋಸ್ ಹೆಚ್ಚುತ್ತದೆ. ಕಲಸಿದ್ದನ್ನು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹೊರಗಿಟ್ಟರೆ ಅದರಲ್ಲಿನ ಕ್ಲಾವುಲನೇಟ್ ಅಂಶ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಲೇಬಲ್ಲಿನಲ್ಲಿ ಕಲಸಿದ ಮೇಲೆ 7 ದಿನ ಎಂದಿದ್ದರೆ 8ನೇ ದಿನ ಅದನ್ನು ಕೊಡಬೇಡಿ. ವೈದ್ಯರು 10 ದಿನ ಬರೆದಿದ್ದರೆ ಹೊಸ ಬಾಟಲಿ ಬೇಕೇ ಬೇಕು! ಕೊಡುವ ಮುನ್ನ ಪ್ರತಿ ಸಲ ಕುಲುಕಿ. ಅಡುಗೆಮನೆ ಚಮಚಗಳ ಅಳತೆ ಒಂದೇ ಇರುವುದಿಲ್ಲ, ಎಂ.ಎಲ್. ಗುರುತಿರುವ ಸಿರಿಂಜ್ ಬಳಸಿ. ಊಟದ ಆರಂಭದಲ್ಲೇ ಕೊಟ್ಟರೆ ಹೊಟ್ಟೆ ಕೆಡುವುದು ಕಡಿಮೆ.