ಕ್ಯಾಪ್‌ಕಾಮ್, ಎಸ್‌ಎನ್‌ಕೆ ಮೂರನೇ ಸಲ ಎದುರಾಗಬೇಕಾ?

ಜಪಾನಿನ ಗೇಮ್ ಕಂಪನಿ ಎಸ್‌ಎನ್‌ಕೆಯ ಪಾತ್ರ ಟೆರ್ರಿ ಬೋಗಾರ್ಡ್ 2024ರಲ್ಲಿ ಅದರ ಎದುರಾಳಿ ಕಂಪನಿ ಕ್ಯಾಪ್‌ಕಾಮ್‌ನ ಸ್ಟ್ರೀಟ್ ಫೈಟರ್ 6ಕ್ಕೆ ಬಂದ. 2025ರ ಫೆಬ್ರವರಿಯಲ್ಲಿ ಮಾಯ್ ಶಿರನೂಯಿ ಬಂದಳು. ಅದೇ ವರ್ಷ ಕ್ಯಾಪ್‌ಕಾಮ್ ಕಡೆಯಿಂದ ಕೆನ್, ಚುನ್-ಲಿ ಇಬ್ಬರೂ ಎಸ್‌ಎನ್‌ಕೆಯ 'ಫೇಟಲ್ ಫ್ಯೂರಿ: ಸಿಟಿ ಆಫ್ ದ ವುಲ್ವ್ಸ್'ಗೆ ಹೋದರು. ಹೀಗೆ ಹೋಗಿ ಬರುವುದು ಶುರುವಾದ ಮೇಲೆ ಫೈಟಿಂಗ್ ಗೇಮ್ ಆಡುವವರ ಬಾಯಲ್ಲೆಲ್ಲ ಒಂದೇ ಮಾತು. 2001ರಲ್ಲಿ ನಿಂತುಹೋದ 'ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ'ಗೆ ಮೂರನೆಯದು ಬರುತ್ತಾ? ಎರಡೂ ಕಡೆ ಆಸಕ್ತಿ ಇದೆ ಅಂತ ಎಸ್‌ಎನ್‌ಕೆಯ ನಿರ್ಮಾಪಕ ಯಾಸುಯುಕಿ ಓಡಾ 2022ರಲ್ಲೇ ಹೇಳಿದ್ದರು. ಬರುತ್ತೋ ಇಲ್ಲವೋ ಆಮೇಲಿನ ಮಾತು. ಬರಬೇಕಾ ಅನ್ನುವುದರ ಬಗ್ಗೆ ಇಬ್ಬರು ಬರೆದಿದ್ದಾರೆ.

ಪರ: ದಾಯಾದಿಗಳ ಜಗಳಕ್ಕೆ ಅಖಾಡ ಬೇಕು

ನಾನು ಫೈಟಿಂಗ್ ಗೇಮ್ ಕಲಿತಿದ್ದು ಬಸ್ ಸ್ಟ್ಯಾಂಡ್ ಹಿಂದಿನ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ. ಒಳಗೆ ಕತ್ತಲು, ಒಂದು ಸೀಲಿಂಗ್ ಫ್ಯಾನ್, ನಾಲ್ಕು ಮೆಷಿನ್. ಒಂದರಲ್ಲಿ ಸ್ಟ್ರೀಟ್ ಫೈಟರ್ 2. ಅದರ ಪಕ್ಕದಲ್ಲೇ ಎಸ್‌ಎನ್‌ಕೆಯ ಕಿಂಗ್ ಆಫ್ ಫೈಟರ್ಸ್ 97. ಕೈಯಲ್ಲಿ ಇರುತ್ತಿದ್ದುದು ಒಂದೇ ನಾಣ್ಯ, ಹಾಗಾಗಿ ಯಾವುದಕ್ಕೆ ಹಾಕಬೇಕು ಅನ್ನುವುದೇ ದೊಡ್ಡ ಯೋಚನೆ. ನಾಣ್ಯ ಮುಗಿದ ಮೇಲೆ ಹೊರಗಿನ ಕಟ್ಟೆ ಮೇಲೆ ಕೂತು ವಾದ. ಸ್ಟ್ರೀಟ್ ಫೈಟರ್‌ನ ರ್ಯೂ ಮತ್ತು ಕಿಂಗ್ ಆಫ್ ಫೈಟರ್ಸ್‌ನ ಇಯೋರಿ ಎದುರಾದರೆ ಯಾರು ಗೆಲ್ಲುತ್ತಾರೆ? ಆ ವಾದ ಒಂದು ದಿನವೂ ಮುಗಿಯಲಿಲ್ಲ. ಎರಡು ಮೆಷಿನ್ ನಡುವೆ ಒಂದು ಗೇಣು ಜಾಗ ಇತ್ತು ಅಷ್ಟೇ. ಆದರೆ ಅವನು ಇತ್ತ ಬರುವ ಹಾಗಿಲ್ಲ, ಇವನು ಅತ್ತ ಹೋಗುವ ಹಾಗಿಲ್ಲ.

ಆಗ ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಇದು ಎರಡು ಬೇರೆ ಊರಿನವರ ಪೈಪೋಟಿ ಅಲ್ಲ, ಪಕ್ಕಾ ದಾಯಾದಿ ಜಗಳ. ಎರಡೂ ಕಂಪನಿ ಒಸಾಕಾ ಕಡೆಯವೇ. 1987ರಲ್ಲಿ ಮೊದಲ ಸ್ಟ್ರೀಟ್ ಫೈಟರ್ ಮಾಡಿದ ತಾಕಾಶಿ ನಿಶಿಯಾಮಾ ಮತ್ತು ಹಿರೋಶಿ ಮಾತ್ಸುಮೋಟೊ ಆಮೇಲೆ ಕ್ಯಾಪ್‌ಕಾಮ್ ಬಿಟ್ಟು ಎಸ್‌ಎನ್‌ಕೆಗೆ ಹೋದರು. ಅಲ್ಲಿ 1991ರಲ್ಲಿ ಟೆರ್ರಿಯ ಆಟ ಫೇಟಲ್ ಫ್ಯೂರಿ ಹೊರಬಂತು. ಅದೇ ವರ್ಷ ಕ್ಯಾಪ್‌ಕಾಮ್‌ನಿಂದ ಸ್ಟ್ರೀಟ್ ಫೈಟರ್ 2. ಅಂದರೆ ಒಂದೇ ತಾಯಿಬೇರಿನ ಎರಡು ಗಿಡ. ಟೆರ್ರಿ ಮತ್ತು ರ್ಯೂ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅಂದರೂ ನಡೆಯುತ್ತೆ.

ಜಗಳ ಹೇಗಿತ್ತು ನೋಡಿ. 1992ರಲ್ಲಿ ಎಸ್‌ಎನ್‌ಕೆ 'ಆರ್ಟ್ ಆಫ್ ಫೈಟಿಂಗ್' ತಂದಿತು. ಅದರ ನಾಯಕ ರ್ಯೋ ಸಕಾಜಾಕಿ. ಹೆಸರು ರ್ಯೋ, ಕರಾಟೆ ಉಡುಪು, ಕೈಯಿಂದ ಬೆಂಕಿ ಉಂಡೆ. ಯಾರನ್ನು ನೋಡಿ ಬರೆದದ್ದು ಅಂತ ಚಿಕ್ಕ ಮಕ್ಕಳೂ ಹೇಳುತ್ತಾರೆ. ತನ್ನ ಆಟವನ್ನು ನಕಲು ಮಾಡಿದ್ದಾರೆ ಅಂತ ಡೇಟಾ ಈಸ್ಟ್ ಕಂಪನಿಯ ಮೇಲೆ ಕ್ಯಾಪ್‌ಕಾಮ್ ಕೋರ್ಟಿಗೇ ಹೋಗಿತ್ತು, ಗೆಲ್ಲಲಿಲ್ಲ. ಎಸ್‌ಎನ್‌ಕೆಗೆ ಕೊಟ್ಟ ಉತ್ತರವೇ ಬೇರೆ. 1995ರ ಸ್ಟ್ರೀಟ್ ಫೈಟರ್ ಆಲ್ಫಾದಲ್ಲಿ ಡ್ಯಾನ್ ಹಿಬಿಕಿ ಅನ್ನುವವನನ್ನು ಅಡಗಿಸಿಟ್ಟಿತು. ರ್ಯೋನಂಥ ಉಡುಪು, ಆದರೆ ಗುಲಾಬಿ ಬಣ್ಣ. ರ್ಯೋನ ಗೆಳೆಯ ರಾಬರ್ಟ್‌ನ ಹಾಗೆ ಜುಟ್ಟು. ಒಂದೇ ಕೈಯಲ್ಲಿ ಬೆಂಕಿ ಉಂಡೆ ಎಸೆಯುತ್ತಾನೆ, ಅದು ಚಾಚಿದ ಕೈಯ ಮುಂದೆಯೇ ಫುಸ್ ಅಂತ ಆರಿಹೋಗುತ್ತೆ. ಒದ್ದೆ ಪಟಾಕಿ! ಎದುರಾಳಿಯನ್ನು ಅಣಕಿಸುವುದರಲ್ಲಿ ಮಾತ್ರ ಎತ್ತಿದ ಕೈ. ಲಾಯರ್ ನೋಟಿಸ್‌ಗಿಂತ ಇದು ಜಾಸ್ತಿ ಚುಚ್ಚಿರಬೇಕು.

ಇಷ್ಟು ಚಂದದ ಜಗಳಕ್ಕೆ ಈಗಿರುವ ಅತಿಥಿ ಪಾತ್ರಗಳು ಸಾಕಾ? ಸಾಲದು. ಅತಿಥಿ ಅಂದರೆ ಮನೆಯವರ ಕಟ್ಟಳೆಗೆ ಬಗ್ಗಿ ನಡೆಯಬೇಕು. ಟೆರ್ರಿಯನ್ನೇ ತಗೊಳ್ಳಿ. ಎಸ್‌ಎನ್‌ಕೆ ಆಟಗಳಲ್ಲಿ ಅವನು ಬೆಳೆದಿದ್ದು ನಾಲ್ಕು ಬಟನ್ ಮೇಲೆ. ಸ್ಟ್ರೀಟ್ ಫೈಟರ್ 6ರಲ್ಲಿ ಅವನ ಏಟುಗಳನ್ನು ಆರು ಬಟನ್‌ಗೆ ಹಂಚಬೇಕಾಯಿತು. ಡ್ರೈವ್ ಗೇಜ್ ಅನ್ನುವ ಶಕ್ತಿಯ ಪಟ್ಟಿ ಅವನದಲ್ಲ, ಆ ಊರಿನದು. ಬರ್ನ್ ನಕಲ್, ಪವರ್ ಗೀಸರ್ ಅನ್ನುವ ಅವನ ಹೆಸರಾಂತ ಏಟುಗಳೆಲ್ಲ ಇವೆ ನಿಜ. ಆದರೆ ಕಿಂಗ್ ಆಫ್ ಫೈಟರ್ಸ್‌ನ ಆ ಗಿಡ್ಡ ಜಿಗಿತ, ಆ ಓಟ ಇಲ್ಲ. ಬೇರೆಯವರ ಅಂಗಿ ಹಾಕಿಕೊಂಡು ಮದುವೆಗೆ ಬಂದ ಹಾಗೆ ಕಾಣುತ್ತಾನೆ.

'ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ 2' ಈ ಗಂಟನ್ನು ಬಿಡಿಸಿದ ರೀತಿ ಇವತ್ತಿಗೂ ಬೆರಗು. ಆರು 'ಗ್ರೂವ್'ಗಳು: ಸಿ, ಎ, ಪಿ ಮತ್ತು ಎಸ್, ಎನ್, ಕೆ. ಒಂದೊಂದು ಗ್ರೂವ್ ಒಂದೊಂದು ಹಳೆಯ ಆಟದ ಗುಣ ಹೊತ್ತು ಬರುತ್ತೆ. ಪಿ ಆರಿಸಿದರೆ ಸ್ಟ್ರೀಟ್ ಫೈಟರ್ 3ರ ಪ್ಯಾರಿ ಸಿಗುತ್ತೆ, ಏಟು ಬೀಳುವ ಕ್ಷಣದಲ್ಲಿ ಮುಂದಕ್ಕೆ ಒತ್ತಿ ತಡೆಯಬಹುದು. ಎನ್ ಆರಿಸಿದರೆ ಕಿಂಗ್ ಆಫ್ ಫೈಟರ್ಸ್‌ನ ಓಟ, ಉರುಳು. ಕೆ ಆರಿಸಿದರೆ ಕೊನೇ ಗಳಿಗೆಯಲ್ಲಿ ತಡೆಯುವ ವಿದ್ಯೆ, ಏಟು ತಿಂದಷ್ಟೂ ಏರುವ ಸಿಟ್ಟು. ರ್ಯೂ ಎಸ್‌ಎನ್‌ಕೆ ಕಾನೂನಿನಲ್ಲಿ ಆಡಬಹುದು, ಕಿಂಗ್ ಆಫ್ ಫೈಟರ್ಸ್‌ನ ಕ್ಯೋ ಕ್ಯಾಪ್‌ಕಾಮ್ ಕಾನೂನಿನಲ್ಲಿ ಆಡಬಹುದು. ಬರೀ ಪಾತ್ರಗಳಲ್ಲ, ಎರಡು ಕಂಪನಿಗಳು ಯೋಚಿಸುವ ರೀತಿಯೇ ಅಲ್ಲಿ ಎದುರಾಗಿತ್ತು. ಇದನ್ನು ಅತಿಥಿ ಪಾತ್ರದಿಂದ ಮಾಡಲಿಕ್ಕೆ ಆಗಲ್ಲ. ಅದಕ್ಕೆ ಬೇರೆ ಅಖಾಡವೇ ಬೇಕು.

ಆಡುವವರು ಇದ್ದಾರಾ ಅಂದರೆ ಇದ್ದಾರೆ. 2025ರ ಮೇನಲ್ಲಿ ಬಂದ 'ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ 2'ರಲ್ಲಿ ಈ ಹಳೇ ಆಟ ರೋಲ್‌ಬ್ಯಾಕ್ ನೆಟ್‌ಕೋಡ್ (ಆನ್‌ಲೈನ್ ಆಟ ತಡವರಿಸದಂತೆ ನೋಡಿಕೊಳ್ಳುವ ತಂತ್ರ) ಸಮೇತ ಸಿಗುತ್ತೆ. ನಾನು ಈಗ ಅದನ್ನು ರಾತ್ರಿ ಆಡುತ್ತೇನೆ. ಎದುರಿಗೆ ಬರುವವರಲ್ಲಿ ಕೆಲವರು ಆಟ ಬಂದಾಗ ಹುಟ್ಟಿಯೂ ಇರಲಿಲ್ಲವೇನೋ. ಹೊಡೆತ ಮಾತ್ರ ಚೆನ್ನಾಗಿಯೇ ಹೊಡೆಯುತ್ತಾರೆ.

ವಿರೋಧ: ನೆಂಟಸ್ತಿಕೆ ಸಾಕು, ಒಂದೇ ಮನೆ ಬೇಡ

ಪರವಾಗಿ ಬರೆದ ಗೆಳೆಯರ ನೆನಪುಗಳ ಜೊತೆ ನನಗೆ ತಕರಾರಿಲ್ಲ. ಕಟ್ಟೆ ಮೇಲೆ ಕೂತು ವಾದ ಮಾಡಿದ್ದು ನಾನೂ ಹೌದು. ಆದರೆ ಅವರು ಹೊಗಳಿದ ಆಟದಲ್ಲಿ ಕ್ಯಾಪ್‌ಕಾಮ್‌ನ ಪಾತ್ರ ಮಾರಿಗನ್‌ಳನ್ನು ಒಮ್ಮೆ ಹತ್ತಿರದಿಂದ ನೋಡಿ. ಪಕ್ಕದಲ್ಲಿ ನಿಂತ ಟೆರ್ರಿ ಹೊಸದಾಗಿ ಬರೆದ ಚಿತ್ರ, ಗೆರೆ ತೀಡಿದ ಹಾಗಿದೆ. ಮಾರಿಗನ್ 1994ರ ಡಾರ್ಕ್‌ಸ್ಟಾಕರ್ಸ್‌ನಿಂದ ಎತ್ತಿ ತಂದ ಹಳೇ ಚಿತ್ರ, ಕಲ್ಲು ಕಲ್ಲಾಗಿ ಕಾಣುತ್ತಾಳೆ. ಆಗಲೇ ಜನ ನಕ್ಕಿದ್ದರು. ಆ ನಗುವಿನ ಹಿಂದೆ ಲೆಕ್ಕಾಚಾರ ಇದೆ. ನಲವತ್ತಕ್ಕೂ ಜಾಸ್ತಿ ಪಾತ್ರಗಳನ್ನು ಅಷ್ಟು ಬೇಗ ಒಂದೆಡೆ ಸೇರಿಸಲಿಕ್ಕೆ ಆಗಿದ್ದು ಎಷ್ಟೋ ಚಿತ್ರಗಳು ಮೊದಲೇ ಕಪಾಟಿನಲ್ಲಿ ಇದ್ದುದರಿಂದ.

ಈಗ ಆ ಕಪಾಟು ಇಲ್ಲ. ಸ್ಟ್ರೀಟ್ ಫೈಟರ್ 6 ಶುರುವಾಗಿದ್ದು 18 ಪಾತ್ರಗಳಿಂದ. ಆಮೇಲೆ ವರ್ಷಕ್ಕೆ ನಾಲ್ಕು. ಒಂದು 3ಡಿ ಪಾತ್ರಕ್ಕೆ ಮೈ, ಬಟ್ಟೆ, ಕೂದಲು, ಮುಖಭಾವ, ಒಂದೊಂದು ಏಟಿನ ಚಲನೆ, ಎಲ್ಲವನ್ನೂ ಸೊನ್ನೆಯಿಂದ ಕಟ್ಟಬೇಕು. ಎಸ್‌ಎನ್‌ಕೆ ಮಾಡಿದ ಮಾಯ್ ಕ್ಯಾಪ್‌ಕಾಮ್ ಆಟ ಕಟ್ಟುವ ಸಾಫ್ಟ್‌ವೇರ್ ಆರ್‌ಇ ಎಂಜಿನ್‌ಗೆ ಹಾಗೇ ಹೊಂದುವುದಿಲ್ಲ. ಹೊಸದಾಗಿಯೇ ಮಾಡಬೇಕು. ನಲವತ್ತು ಪಾತ್ರ ಇರುವ ಮೂರನೇ ಆಟ ಬೇಕು ಅನ್ನುವವರು ಈ ಲೆಕ್ಕ ಹಾಕಿದ್ದಾರಾ? ಹಾಕಿದರೆ ಉತ್ತರ ಹೀಗೆ ಬರುತ್ತೆ: ಮೊದಲ ದಿನ ಇಪ್ಪತ್ತು ಪಾತ್ರ, ಉಳಿದದ್ದಕ್ಕೆ ಕಂತು ಕಂತಾಗಿ ಜೇಬಿಗೆ ಕೈ.

ಸುಮ್ನೆ ಹೆದರಿಸುತ್ತಿಲ್ಲ. 2010ರಲ್ಲಿ ಕ್ಯಾಪ್‌ಕಾಮ್ ಮತ್ತು ಟೆಕ್ಕನ್ ಫೈಟಿಂಗ್ ಗೇಮ್‌ನ ಕಂಪನಿ ನಾಮ್ಕೊ ಒಂದೇ ವೇದಿಕೆಯಲ್ಲಿ ಎರಡು ಆಟ ಘೋಷಿಸಿದವು. ಒಂದನ್ನು ಕ್ಯಾಪ್‌ಕಾಮ್ ಮಾಡುತ್ತೆ, ಇನ್ನೊಂದನ್ನು ನಾಮ್ಕೊ. 2012ರ ಮಾರ್ಚ್‌ನಲ್ಲಿ ಕ್ಯಾಪ್‌ಕಾಮ್‌ನ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್' ಬಂತು. 12 ಪಾತ್ರಗಳು ಡಿಸ್ಕ್‌ನಲ್ಲೇ ಬೀಗ ಹಾಕಿಕೊಂಡು ಕೂತಿದ್ದವು. ಡಿಸ್ಕ್‌ಗೆ ಪೂರ್ತಿ ದುಡ್ಡು ಕೊಟ್ಟವರೇ ಬೀಗದ ಕೈಗೆ ಮತ್ತೆ ದುಡ್ಡು ಕೊಡಬೇಕು. ಅದರ ಮೇಲೆ 'ಜೆಮ್' ಅನ್ನುವ ಒಂದು ವ್ಯವಸ್ಥೆ, ಪಂದ್ಯಕ್ಕೆ ಮೊದಲು ಶಕ್ತಿ ಹೆಚ್ಚಿಸುವ ಹರಳು ಕಟ್ಟಿಕೊಳ್ಳುವುದು. ಕೆಲವು ಹರಳೂ ಬೇರೆಯಾಗಿ ಮಾರಾಟ! ಇನ್ನು ನಾಮ್ಕೊ ಮಾಡಬೇಕಿದ್ದ 'ಟೆಕ್ಕನ್ ಎಕ್ಸ್ ಸ್ಟ್ರೀಟ್ ಫೈಟರ್'? ಅದು ಬರಲೇ ಇಲ್ಲ. ಮಾತುಕತೆಗೆ ಬಂದ ಹುಡುಗನ ಕಡೆಯವರು ಕಾಫಿ ಕುಡಿದು ಎದ್ದು ಹೋದ ಹಾಗಾಯಿತು.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಆಟ ಮಾಡುವವರು ಯಾರು? ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆ ಇಲ್ಲ ಅನ್ನುತ್ತಾರಲ್ಲ, ಇಲ್ಲೂ ಅದೇ. ಎರಡನೇ ಆಟ ಮಾಡಿದ್ದು ಕ್ಯಾಪ್‌ಕಾಮ್. ಟೂರ್ನಮೆಂಟ್‌ಗಳಲ್ಲಿ ಮತ್ತೆ ಮತ್ತೆ ಕಂಡ ಮುಖಗಳು ಸಾಗತ್, ಕ್ಯಾಮಿ, ಬ್ಲಾಂಕಾ. ಮೂವರೂ ಕ್ಯಾಪ್‌ಕಾಮ್‌ನವರೇ. ಬೇಕೆಂದೇ ಮಾಡಿದರು ಅಂತ ನಾನು ಹೇಳಲ್ಲ. ವರ್ಷಗಟ್ಟಲೆ ಕೈ ಪಳಗಿದ ಪಾತ್ರವನ್ನು ಬರೆಯುವಾಗ ಇರುವ ಸಲೀಸು ನೆಂಟರ ಮಗನನ್ನು ಬರೆಯುವಾಗ ಇರಲ್ಲ, ಅಷ್ಟೇ. ಇನ್ನು ಆ ಮೆಚ್ಚಿನ ಗ್ರೂವ್‌ಗಳು. ಉರುಳುವುದನ್ನು ಮೊದಲ ಕೆಲವೇ ಫ್ರೇಮ್‌ಗಳಲ್ಲಿ, ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ, ಕತ್ತರಿಸಿ ವಿಶೇಷ ಏಟು ಹೊಡೆದರೆ, ಆ ಏಟಿಗೆ ಉರುಳುವಾಗಿನ ರಕ್ಷಣೆ ಅಂಟಿಕೊಂಡು ಬರುತ್ತಿತ್ತು. ಇದು ಬಗ್. ಕಲಿತವನ ಎದುರು ಕಲಿಯದವನು ಕೈ ಕಟ್ಟಿ ನಿಂತಂತೆಯೇ. ಆರು ಕಾನೂನು ಒಂದೇ ಅಂಗಳದಲ್ಲಿ ಇಟ್ಟರೆ ಇಂಥ ಬಿರುಕು ಬಿಡದೇ ಇರುತ್ತಾ?

ಇನ್ನು ವೈರದ ಮಾತು. ಹಳೇ ಎಸ್‌ಎನ್‌ಕೆ 2001ರಲ್ಲೇ ದಿವಾಳಿ ಆಯಿತು, ಎರಡನೇ ಆಟ ಬಂದ ವರ್ಷವೇ. ಹೆಸರು ಕೈ ಬದಲಾಯಿಸುತ್ತಾ ಬಂದು ಈಗ ಅದರ ಹೆಚ್ಚುಕಮ್ಮಿ ಎಲ್ಲ ಪಾಲೂ ಸೌದಿಯ ಮಿಸ್ಕ್ ಪ್ರತಿಷ್ಠಾನದ ಕಂಪನಿಯ ಕೈಯಲ್ಲಿದೆ. ಸಿಟಿ ಆಫ್ ದ ವುಲ್ವ್ಸ್‌ನಲ್ಲಿ ಟೆರ್ರಿಯ ಪಕ್ಕ ಕ್ರಿಸ್ಟಿಯಾನೋ ರೊನಾಲ್ಡೊ ಫುಟ್‌ಬಾಲ್ ಒದೆಯುತ್ತಿದ್ದಾನೆ. ಇದು ತಮಾಷೆ ಅಲ್ಲ, ಆಟದ ಪಾತ್ರ. ಹಾಗಿದ್ದ ಮೇಲೆ ಯಾರು ಯಾರಿಗೆ ದಾಯಾದಿ? ಎರಡು ಕಂಪನಿಗಳ ವಕೀಲರು ಕೂತು ಸಹಿ ಹಾಕಿದ ಜಗಳ ಜಗಳವೇ ಅಲ್ಲ.

ಈ ಗದ್ದಲದಲ್ಲಿ ಪಾಪ, ಆ ಫೇಟಲ್ ಫ್ಯೂರಿ. 1999ರ ಮಾರ್ಕ್ ಆಫ್ ದ ವುಲ್ವ್ಸ್ ಆದ ಮೇಲೆ ಅದರ ಕಥೆ ಮುಂದುವರಿದಿದ್ದು 2025ರಲ್ಲಿ. ಅದರ ನಾಯಕ ರಾಕ್ ಹೊವಾರ್ಡ್‌ಗಾಗಿ ಜನ 26 ವರ್ಷ ಕಾದಿದ್ದಾರೆ. ದೊಡ್ಡ ಕಂಪನಿಯ ಜೊತೆ ಜಂಟಿ ಆಟ ಅಂತ ಘೋಷಣೆ ಆದ ಮಾರನೇ ದಿನ ಇದನ್ನು ಯಾರು ಆಡುತ್ತಾರೆ? ಎಸ್‌ಎನ್‌ಕೆ ಮತ್ತೆ ಕಾಲೂರಿ ನಿಲ್ಲುವುದು ತನ್ನ ಅಂಗಳದಲ್ಲಿ ತಾನೇ. ಅಲ್ಲಿ ಕೆನ್ ಬಂದ, ಚುನ್-ಲಿ ಬಂದಳು, ಬರಲಿ. ಅತಿಥಿ ಬೇರೆಯವರ ಅಂಗಿ ಹಾಕಿಕೊಂಡ ಹಾಗೆ ಕಾಣುತ್ತಾನೆ ಅಂದರಲ್ಲ ಗೆಳೆಯರು, ನನಗೆ ಅದೇ ಇಷ್ಟ. ಟೆರ್ರಿ ಆರು ಬಟನ್‌ಗೆ ಒಗ್ಗಿಕೊಳ್ಳಲು ಪಡುವ ಪಾಡಿನಲ್ಲೇ ಅವನು ಬೇರೆ ಊರಿನವನು ಅಂತ ಗೊತ್ತಾಗುವುದು.

ನನ್ನ ಆಸೆ ಚಿಕ್ಕದು. ಮುಂದಿನ ಕಿಂಗ್ ಆಫ್ ಫೈಟರ್ಸ್‌ಗೆ ಕ್ಯಾಪ್‌ಕಾಮ್ ಯಾರನ್ನಾದರೂ ಕಳಿಸುವುದಾದರೆ ರ್ಯೂನನ್ನು ಬೇಡ, ಡ್ಯಾನ್‌ನನ್ನು ಕಳಿಸಲಿ. ಗುಲಾಬಿ ಅಂಗಿಯಲ್ಲಿ ಒಬ್ಬನೇ ಹೋಗಿ ರ್ಯೋ ಸಕಾಜಾಕಿಯ ಮನೆ ಅಂಗಳದಲ್ಲಿ ನಿಂತು, ಆ ಒದ್ದೆ ಪಟಾಕಿಯನ್ನು ಅವನ ಮುಖದ ಎದುರೇ ಹೊಡೆಯಲಿ.