ಆ ಮುತ್ತನ್ನು ಒಮ್ಮೆ ಬರೆದು ನೋಡಿ

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ವಿದ್ಯಾರ್ಥಿಗಳ ಚಿತ್ರ ಪ್ರದರ್ಶನ ಒಂದಕ್ಕೆ ಹೋಗಿದ್ದೆ. ಒಬ್ಬ ಹುಡುಗಿ ಡಚ್ ಚಿತ್ರಕಾರ ವರ್ಮೀರ್‌ನ 'ಮುತ್ತಿನೋಲೆಯ ಹುಡುಗಿ' ಚಿತ್ರವನ್ನು ನೋಡಿ ಬರೆದಿದ್ದಳು. ಯಾರನ್ನು ನೋಡಿ ಬರೆದದ್ದು ಅಂತ ಕೆಳಗೆ ಚೀಟಿಯನ್ನೂ ಅಂಟಿಸಿದ್ದಳು. ಹಿರಿಯರೊಬ್ಬರು ಬಂದು ಒಂದು ಕ್ಷಣ ನೋಡಿ, "ಇದು ಕಾಪಿ ಅಲ್ವೇನಮ್ಮಾ, ಇದರಲ್ಲಿ ನಿಂದೇನಿದೆ?" ಅಂದರು. "ಕಲಿಯೋಕೆ ಬರೆದಿದ್ದು ಸರ್" ಅಂತ ಆಕೆ ಹೇಳುವಷ್ಟರಲ್ಲಿ ಅವರು ಪಕ್ಕದ ಚಿತ್ರಕ್ಕೆ ಹೋಗಿಯಾಗಿತ್ತು.

ನಾನು ಬ್ರಷ್ ಹಿಡಿಯಲು ಕಲಿತದ್ದೂ ದೊಡ್ಡ ಕಲಾವಿದರ ಚಿತ್ರ ನೋಡಿ ಬರೆದೇ. ಹಾಗಾಗಿ ಆ ಪ್ರಶ್ನೆ ನನಗೇ ಹಾಕಿದ ಹಾಗಾಯಿತು.

ನಿಂದೇನಿದೆ ಅಂತ ಕೇಳುವವರು ಆ ಮುತ್ತನ್ನು ಒಮ್ಮೆ ಬರೆದು ನೋಡಲಿ. ದುಂಡಗೆ ಗೆರೆ ಎಳೆದು ಒಳಗೆ ಬಣ್ಣ ತುಂಬಲು ಹೋದರೆ ಅದು ಮುತ್ತಾಗುವುದೇ ಇಲ್ಲ. ಯಾಕೆಂದರೆ ವರ್ಮೀರ್ ಅದಕ್ಕೆ ಹೊರಗೆರೆಯನ್ನೇ ಹಾಕಿಲ್ಲ. ಮೇಲ್ಗಡೆ ಬಿಳಿ ಬಣ್ಣದ ಒಂದು ದಪ್ಪ ಹೊಳಪು. ಕೆಳಗೆ ಬಿಳಿ ಕಾಲರ್‌ನ ಮಂದ ಪ್ರತಿಬಿಂಬ. ಅಷ್ಟೇ. ಕಿವಿಗೆ ಸಿಕ್ಕಿಸುವ ಕೊಂಡಿ ಕೂಡ ಇಲ್ಲ. ಉಳಿದ ಮುತ್ತನ್ನೆಲ್ಲ ನಮ್ಮ ಕಣ್ಣೇ ಕಟ್ಟಿಕೊಳ್ಳುತ್ತದೆ. ಮುಖವೂ ಹಾಗೇ. ಮೂಗಿಗೂ ಒಂದು ಬದಿಯ ಕೆನ್ನೆಗೂ ನಡುವೆ ಗೆರೆ ಇಲ್ಲ, ಒಂದೇ ಬಣ್ಣ ಹಾಗೇ ಹರಿದುಬಿಟ್ಟಿದೆ. ಎಷ್ಟು ವರ್ಷದಿಂದ ಈ ಚಿತ್ರ ನೋಡಿರುತ್ತೀವಿ! ಬರೆಯಲು ಕೂರುವ ತನಕ ಇದು ಕಣ್ಣಿಗೆ ಬಿದ್ದಿರುವುದಿಲ್ಲ. ಅಲ್ಲಿ ಗೆರೆ ಎಳೆಯದೆ ಕೈ ತಡೆದು ಹಿಡಿದಿದ್ದಳಲ್ಲ ಆ ಹುಡುಗಿ, ಅದು ಅವಳದ್ದು.

ಕಾಪಿ ಅನ್ನುವ ಮಾತು ಇಷ್ಟು ಹಗುರವಾಗಿದ್ದು ಯಾವಾಗ? ಮೈಕೆಲೇಂಜೆಲೋ ಚಿಕ್ಕವನಿದ್ದಾಗ ತನಗಿಂತ ಹಿಂದಿನ ಚಿತ್ರಕಾರ ಜಾಟ್ಟೋನ ಗೋಡೆಚಿತ್ರ ನೋಡಿ ಪೆನ್ನಿನಲ್ಲಿ ಬರೆದ ಹಾಳೆ ಇವತ್ತಿಗೂ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಅದೇ ಲೂವ್ರ್ 1793ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆದಾಗ ಜನರಿಗಿಂತ ಕಲಾವಿದರಿಗೇ ಜಾಸ್ತಿ ದಿನ ಮೀಸಲಿಟ್ಟಿತ್ತು, ಕೂತು ಬರೆದು ಕಲಿಯಲಿ ಅಂತ. ಮುಂದೆ ಹೆಸರಾದ ಫ್ರೆಂಚ್ ಚಿತ್ರಕಾರ ದೆಗಾ ಅಲ್ಲೇ ಕಲಿತ. ಸೆಜಾನ್ ಅಲ್ಲೇ ಕಲಿತ. ಇನ್ನು ರೂಬೆನ್ಸ್ 1628ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಐವತ್ತು ದಾಟಿತ್ತು, ಯುರೋಪಿಗೆಲ್ಲ ಹೆಸರುವಾಸಿ. ಆದರೂ ಅಲ್ಲಿ ಟಿಷಿಯನ್‌ನ ಚಿತ್ರಗಳ ಮುಂದೆ ವಿದ್ಯಾರ್ಥಿಯ ಹಾಗೆ ಕೂತು ಒಂದಾದ ಮೇಲೊಂದು ಬರೆದ. ಆದಮ್ ಮತ್ತು ಈವ್‌ನ ಚಿತ್ರದಲ್ಲಿ ಆದಮ್‌ನ ಭಂಗಿ ಬದಲಾಯಿಸಿದ, ಮರದ ಮೇಲೆ ಒಂದು ಗಿಳಿ ಕೂರಿಸಿದ. ಟಿಷಿಯನ್‌ನ ಮೂಲ, ಇವನ ನಕಲು ಎರಡೂ ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂನಲ್ಲಿವೆ. ಅವನನ್ನೂ ಕೇಳುತ್ತಾರಾ, ನಿಂದೇನಿದೆ ಅಂತ?

ಪ್ರಾಡೋದಲ್ಲೇ ಮೊನಾಲಿಸಾಳ ಒಂದು ನಕಲೂ ಇದೆ. ಅದಕ್ಕೆ ಯಾರೂ ಅಷ್ಟಾಗಿ ಬೆಲೆ ಕೊಟ್ಟಿರಲಿಲ್ಲ. ಬಣ್ಣದ ಅಡಿಯಲ್ಲಿರುವ ಗೆರೆಗಳನ್ನು ಪರೀಕ್ಷೆ ಮಾಡಿದಾಗ, ಲಿಯೊನಾರ್ಡೊ ತನ್ನ ಚಿತ್ರದಲ್ಲಿ ಎಲ್ಲೆಲ್ಲಿ ಮನಸ್ಸು ಬದಲಾಯಿಸಿ ತಿದ್ದಿದ್ದನೋ ಅಲ್ಲೆಲ್ಲ ಇದರಲ್ಲೂ ತಿದ್ದುಪಡಿ ಕಂಡಿತು. 2012ರಲ್ಲಿ ಈ ಸುದ್ದಿ ಹೊರಬಂತು. ಅಂದರೆ ಅವನ ಕಾರ್ಯಾಗಾರದಲ್ಲೇ, ಅವನು ಬರೆಯುತ್ತಿದ್ದಾಗಲೇ, ಒಬ್ಬ ಶಿಷ್ಯ ಹೆಜ್ಜೆ ಹೆಜ್ಜೆಗೂ ನೋಡುತ್ತಾ ಬರೆದಿದ್ದಾನೆ. ಗುರು ಯೋಚನೆ ಮಾಡಿದ ದಾರಿಯಲ್ಲೇ ಅವನ ಕೈಯೂ ನಡೆದಿದೆ. ಅಂಥ ಪಾಠ ಸಿಗುತ್ತದೆ ಅಂದರೆ ನಾನು ಎಲ್ಲ ಬಿಟ್ಟು ಹೋಗಿ ಕೂರುತ್ತೇನೆ.

ನಕಲು ಮಾಡುತ್ತಾ ಇದ್ದರೆ ಸ್ವಂತಿಕೆ ಸತ್ತುಹೋಗುತ್ತದೆ ಅನ್ನುವವರಿದ್ದಾರೆ. ವ್ಯಾನ್ ಗೋ ಸೂರ್ಯಕಾಂತಿಗಳನ್ನು ಬರೆದದ್ದು 1888ರಲ್ಲಿ. ನಕ್ಷತ್ರಗಳ ರಾತ್ರಿ ಬರೆದದ್ದು 1889ರ ಜೂನ್‌ನಲ್ಲಿ. ಅವನದೇ ಕೈ ಅಂತ ಮಗು ಕೂಡ ಗುರುತಿಸುವಷ್ಟು ಸ್ವಂತಿಕೆ ಬಂದ ಮೇಲೆ, ಅದೇ ವರ್ಷ, ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿ ಕೂತು ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳನ್ನು ನೋಡಿ ಬರೆಯಲು ಶುರು ಮಾಡಿದ. ಅಂಥವು ಸುಮಾರು 20 ಇವೆ. ಎದುರಿಗಿದ್ದದ್ದು ಬಣ್ಣವಿಲ್ಲದ ಅಚ್ಚಿನ ಪ್ರತಿಗಳು. ಬಣ್ಣ ಪೂರ್ತಿ ಅವನದೇ. ಬೇರೆಯವರು ರಚಿಸಿದ ಸಂಗೀತವನ್ನು ಒಬ್ಬ ವಾದಕ ತನ್ನ ರೀತಿಯಲ್ಲಿ ನುಡಿಸುವುದಿಲ್ಲವೇ, ಇದೂ ಹಾಗೇ ಅಂತ ತಮ್ಮನಿಗೆ ಪತ್ರ ಬರೆದಿದ್ದ. ಏನು ಸತ್ತುಹೋಯಿತು ಅವನಲ್ಲಿ?

ಹೌದು, ಪ್ರಾಜೆಕ್ಟರ್ ಇಟ್ಟು ಗೆರೆ ಟ್ರೇಸ್ ಮಾಡಿ, ಒಳಗೆ ಬಣ್ಣ ತುಂಬಿ, ಕೆಳಗೆ ತಮ್ಮ ಸಹಿ ಹಾಕುವವರೂ ಇದ್ದಾರೆ. ಅವರ ಮೇಲೆ ನನಗೂ ಸಿಟ್ಟಿದೆ. ಅದು ಕಳ್ಳತನವೇ. ಲೂವ್ರ್‌ನಲ್ಲಿ ಈಗಲೂ ಅನುಮತಿ ಪಡೆದವರು ನಕಲು ಮಾಡಬಹುದು, ಆದರೆ ಮೂಲದ ಅಳತೆಯಲ್ಲೇ ಮಾಡುವ ಹಾಗಿಲ್ಲ. ಕಲಿಕೆ ಬೇರೆ, ಮೋಸ ಬೇರೆ ಅನ್ನುವುದು ಅಲ್ಲಿಯವರಿಗೆ ಗೊತ್ತು. ನಮ್ಮ ಹಿರಿಯರಿಗೆ ಮಾತ್ರ ಎರಡೂ ಒಂದೇ. ಹೆಸರು ಬರೆದು ಅಂಟಿಸಿದ್ದ ಚೀಟಿ ಓದುವಷ್ಟೂ ಪುರುಸೊತ್ತಿಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ನನ್ನೊಳಗೆ ಏನೂ ಹೊಳೆಯದ ದಿನಗಳಿರುತ್ತವೆ. ಖಾಲಿ ಕ್ಯಾನ್ವಾಸ್ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಂಥ ದಿನ ನನ್ನನ್ನು ಉಳಿಸುವುದು ಈ ನಕಲೇ. ರೆಂಬ್ರಾಂಟ್ ಬರೆದ ಒಂದು ಕೈ, ಒಂದು ತೋಳಿನ ಮಡಿಕೆ ಹಿಡಿದು ಕೂತರೆ ಸಂಜೆ ಹೊತ್ತಿಗೆ ಮನಸ್ಸು ನೆಟ್ಟಗಾಗಿರುತ್ತದೆ.

ಆ ಹುಡುಗಿಯ ವಯಸ್ಸಿನವರು ಇದನ್ನು ಓದುತ್ತಿದ್ದರೆ, ದಯವಿಟ್ಟು ನಿಲ್ಲಿಸಬೇಡಿ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ತನ್ನಲ್ಲಿರುವ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟಿದೆ. ಅದರಲ್ಲಿ ವರ್ಮೀರ್‌ನದೇ ಹಾಲು ಸುರಿಯುವ ಹೆಂಗಸಿನ ಚಿತ್ರ ತೆಗೆದು, ಮೇಜಿನ ಮೇಲಿರುವ ಬ್ರೆಡ್ಡನ್ನು ಹಿಗ್ಗಿಸಿ ನೋಡಿ. ತಿಳಿ ಬಣ್ಣದ ಚುಕ್ಕೆ ಚುಕ್ಕೆಯಾಗಿ ಬೆಳಕು ಕೂತಿದೆ. ಪೂರ್ತಿ ಚಿತ್ರ ಬೇಡ, ಮೊದಲು ಆ ಬ್ರೆಡ್ಡೊಂದನ್ನು ಬರೆಯಿರಿ. ಟ್ರೇಸ್ ಮಾಡಬೇಡಿ, ಕಣ್ಣಳತೆಯಲ್ಲೇ ಬರೆಯಿರಿ. ಬರೆದದ್ದನ್ನು ನನಗೆ ಕಳಿಸಿ, ಕೂತು ಮಾತಾಡೋಣ.